ಒಂದು ಕೈಯಲ್ಲಿ ಟೇಪು, ಇನ್ನೊಂದು ಕೈಯಲ್ಲಿ ಲಿಪಿಡ್ ರಿಪೋರ್ಟ್: ಎರಡನ್ನೂ ಜೊತೆಯಾಗಿ ಓದುವುದು ಹೇಗೆ?

ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆಯ ರಿಪೋರ್ಟ್ ಕೈಗೆ ಬಂದ ಕೂಡಲೇ ನಾವೆಲ್ಲ ಮಾಡುವುದು ಒಂದೇ ಕೆಲಸ. ಯಾವ ಸಂಖ್ಯೆಯ ಪಕ್ಕ ಗುರುತು ಬಿದ್ದಿದೆ ಅಂತ ಹುಡುಕುತ್ತೇವೆ. ಒಂದು ಗುರುತು ಕಂಡರೆ ಸಾಕು, "ಕೊಲೆಸ್ಟ್ರಾಲ್ ಜಾಸ್ತಿ ಆಗಿದೆ, ಇನ್ಮೇಲೆ ಎಣ್ಣೆ ಕಡಿಮೆ ಮಾಡಬೇಕು, ವಾಕಿಂಗ್ ಶುರು ಮಾಡಬೇಕು" ಅಂತ ತೀರ್ಮಾನ ಆಗಿಬಿಡುತ್ತದೆ. ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದಾಗ ಆ ಸಂಖ್ಯೆ ಅಲ್ಲೇ ಕೂತಿರುತ್ತದೆ. ಬೇಜಾರಾಗಿ ಎಲ್ಲವನ್ನೂ ಕೈಬಿಡುವವರು ಬಹಳ ಜನ.

ಇಂಥವರ ಪ್ರಯತ್ನದಲ್ಲಿ ಕೊರತೆ ಇರುವುದಿಲ್ಲ. ಯಾವ ಅಭ್ಯಾಸ ಯಾವ ಸಂಖ್ಯೆಯನ್ನು ಅಲುಗಾಡಿಸುತ್ತದೆ ಅನ್ನುವುದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ, ಅಷ್ಟೇ. ದಿನಾ ಅರ್ಧ ಗಂಟೆ ನಡೆದರೆ ಟ್ರೈಗ್ಲಿಸರೈಡ್ (ರಕ್ತದಲ್ಲಿ ಓಡಾಡುವ ಒಂದು ಬಗೆಯ ಕೊಬ್ಬು) ಇಳಿಯಬಹುದು, ಸೊಂಟ ಸಣ್ಣಗಾಗಬಹುದು, ಆದರೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್ ಅನ್ನುವುದು ಇದಕ್ಕೇ) ಹೆಚ್ಚೇನೂ ಕದಲದೆ ಇರಬಹುದು. ಬೆಣ್ಣೆ ಬಿಟ್ಟರೆ ಎಲ್‌ಡಿಎಲ್ ಇಳಿಯಬಹುದು, ಟ್ರೈಗ್ಲಿಸರೈಡ್ ಹಾಗೇ ಉಳಿಯಬಹುದು. ಇವೆರಡೂ ಬೇರೆ ಬೇರೆ ದಾರಿಗಳು. ನಿಮ್ಮದು ಯಾವ ದಾರಿ ಅಂತ ಕಂಡುಕೊಳ್ಳಲು ದುಬಾರಿ ಪರೀಕ್ಷೆಗಳೇನೂ ಬೇಡ. ಬಟ್ಟೆ ಅಳೆಯುವ ಟೇಪು ಮತ್ತು ಒಂದು ಸಾಮಾನ್ಯ ರಕ್ತಪರೀಕ್ಷೆ ಸಾಕು.

ಹೆಜ್ಜೆ 1: ತೂಕದ ಯಂತ್ರ ಪಕ್ಕಕ್ಕಿಡಿ, ಟೇಪು ತಗೊಳ್ಳಿ

ತೂಕ ಎಷ್ಟು ಅನ್ನುವುದಕ್ಕಿಂತ ಕೊಬ್ಬು ಎಲ್ಲಿದೆ ಅನ್ನುವುದು ಇಲ್ಲಿ ಮುಖ್ಯ. ಒಂದೇ ಎತ್ತರ, ಒಂದೇ ತೂಕದ ಇಬ್ಬರಲ್ಲಿ ಒಬ್ಬರಿಗೆ ತೊಡೆ ಮತ್ತು ಹಿಂಭಾಗದಲ್ಲಿ ಕೊಬ್ಬು ಇರಬಹುದು, ಇನ್ನೊಬ್ಬರಿಗೆ ಹೊಟ್ಟೆಯೊಳಗೆ. ತೂಕದ ಯಂತ್ರಕ್ಕೆ ಇಬ್ಬರೂ ಒಂದೇ. ರಕ್ತಪರೀಕ್ಷೆಯಲ್ಲಿ ಮಾತ್ರ ಇಬ್ಬರ ಕಥೆ ಪೂರ್ತಿ ಬೇರೆಯಾಗಿರುತ್ತದೆ.

ಅಳೆಯುವ ಕ್ರಮ ಹೀಗೆ. ಬೆಳಿಗ್ಗೆ ತಿಂಡಿಗೆ ಮೊದಲು, ಬಟ್ಟೆಯ ಮೇಲೆ ಅಲ್ಲದೆ ಮೈಗೆ ನೇರವಾಗಿ ಟೇಪು ಸುತ್ತಿ ಅಳೆಯಿರಿ. ಪಕ್ಕದಲ್ಲಿ ಬೆರಳಿಟ್ಟು ಕೊನೆಯ ಪಕ್ಕೆಲುಬಿನ ಕೆಳ ಅಂಚನ್ನು ಹುಡುಕಿ. ಅದರ ಕೆಳಗೆ ಸೊಂಟದ ಮೂಳೆಯ ಮೇಲ್ತುದಿ ಕೈಗೆ ಸಿಗುತ್ತದೆ. ಇವೆರಡರ ನಡುಮಧ್ಯದಲ್ಲಿ ಟೇಪು ಬರಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಜಾಗ ಇದೇ. ಹೊಕ್ಕುಳನ್ನು ಗುರುತಾಗಿ ನಂಬಬೇಡಿ, ಹೊಟ್ಟೆ ದೊಡ್ಡದಾದವರಿಗೆ ಅದು ಕೆಳಗೆ ಜಾರಿರುತ್ತದೆ. ಪ್ಯಾಂಟಿನ ಸೈಜನ್ನಂತೂ ಲೆಕ್ಕಕ್ಕೇ ತಗೊಳ್ಳಬೇಡಿ, ಬಹಳ ಜನ ಹೊಟ್ಟೆಯ ಕೆಳಗೆ ಪ್ಯಾಂಟು ಕಟ್ಟುತ್ತಾರೆ. ಟೇಪು ನೆಲಕ್ಕೆ ಸಮವಾಗಿರಬೇಕು, ಚರ್ಮಕ್ಕೆ ತಾಗಬೇಕು, ಒತ್ತಬಾರದು. ಸಹಜವಾಗಿ ಉಸಿರು ಬಿಟ್ಟಾದ ಮೇಲೆ ಓದಿ. ಹೊಟ್ಟೆ ಒಳಗೆ ಎಳೆದುಕೊಂಡರೆ ಆ ಅಳತೆಯಿಂದ ನಿಮಗೇ ಉಪಯೋಗ ಇಲ್ಲ. ಎರಡು ಸಲ ಅಳೆದು ಸರಾಸರಿ ಬರೆದಿಡಿ.

ಈಗ ಆ ಸಂಖ್ಯೆಯನ್ನು ನಿಮ್ಮ ಎತ್ತರದಿಂದ ಭಾಗಿಸಿ, ಎರಡೂ ಸೆಂಟಿಮೀಟರಿನಲ್ಲೇ ಇರಲಿ. 0.5 ಒಳಗಿದ್ದರೆ ಒಳ್ಳೆಯದು. 0.5ರಿಂದ 0.59 ಇದ್ದರೆ ಎಚ್ಚರ ವಹಿಸಬೇಕು, 0.6 ದಾಟಿದರೆ ಅಪಾಯ ಇನ್ನೂ ಜಾಸ್ತಿ. ಅಂದರೆ 170 ಸೆಂ.ಮೀ. ಎತ್ತರದವರ ಸೊಂಟ 85 ಸೆಂ.ಮೀ. ಒಳಗಿರಬೇಕು. ಬರೀ ಸೊಂಟದ ಲೆಕ್ಕ ಬೇಕು ಅನ್ನುವವರಿಗೆ ಅಂತಾರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟದ ಮಿತಿ ಇದೆ. ಯುರೋಪ್ ಮೂಲದ ಗಂಡಸರಿಗೆ 94 ಸೆಂ.ಮೀ., ದಕ್ಷಿಣ ಏಷ್ಯಾ ಮೂಲದ ಗಂಡಸರಿಗೆ 90, ಎರಡೂ ಕಡೆಯ ಹೆಂಗಸರಿಗೆ 80. ದಕ್ಷಿಣ ಏಷ್ಯಾದ ಗಂಡಸರಿಗೆ ಮಿತಿ ಕಡಿಮೆ ಇಟ್ಟಿರುವುದಕ್ಕೆ ಕಾರಣ ಇದೆ: ಅದೇ ತೂಕಕ್ಕೆ ಅವರ ಹೊಟ್ಟೆಯೊಳಗೆ ಸೇರುವ ಕೊಬ್ಬು ಜಾಸ್ತಿ. ನನ್ನ ಆಯ್ಕೆ ಕೇಳಿದರೆ ಎತ್ತರದ ಅರ್ಧ ಅನ್ನುವ ಲೆಕ್ಕವೇ ಸುಲಭ. ಗಂಡು ಹೆಣ್ಣು ಅಂತ ಬೇರೆ ಸಂಖ್ಯೆ ನೆನಪಿಡಬೇಕಾಗಿಲ್ಲ.

ಒಂದು ಮಾತು. ಬಸುರಿಯರಿಗೆ, ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುವ ಕಾಯಿಲೆ ಇರುವವರಿಗೆ ಈ ಅಳತೆ ಅನ್ವಯಿಸುವುದಿಲ್ಲ.

ಹೆಜ್ಜೆ 2: ಹೊಟ್ಟೆಯ ಕೊಬ್ಬು ರಕ್ತಕ್ಕೆ ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ

ಇದನ್ನು ಹಾರಿಸಿ ಮುಂದೆ ಹೋಗಬೇಡಿ. ಇದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮೈಯಲ್ಲಿ ಕೊಬ್ಬು ಸೇರುವ ಜಾಗ ಮುಖ್ಯವಾಗಿ ಎರಡು. ಒಂದು ಚರ್ಮದ ಅಡಿ, ಬೆರಳಲ್ಲಿ ಹಿಡಿದು ಚಿವುಟಬಹುದಾದದ್ದು. ಇನ್ನೊಂದು ಹೊಟ್ಟೆಯೊಳಗೆ, ಕರುಳಿನ ಸುತ್ತ. ಅದನ್ನು ಚಿವುಟಲು ಆಗುವುದಿಲ್ಲ. ಹೊಟ್ಟೆ ದೊಡ್ಡದಿದ್ದೂ ಮುಟ್ಟಿದರೆ ಗಟ್ಟಿ ಅನ್ನಿಸಿದರೆ ಹೆಚ್ಚಿನ ಭಾಗ ಒಳಗಿರುವ ಸಾಧ್ಯತೆ ಇದೆ. ಈ ವ್ಯತ್ಯಾಸದ ಕಡೆ ವೈದ್ಯಲೋಕದ ಗಮನ ಸೆಳೆದವರು ಫ್ರಾನ್ಸಿನ ವೈದ್ಯ ಜಾನ್ ವಾಗ್. 1947ರಲ್ಲೇ ಅವರು ಮೈಯ ಮೇಲ್ಭಾಗದಲ್ಲಿ ಸೇರುವ ಬೊಜ್ಜು, ಕೆಳಭಾಗದಲ್ಲಿ ಸೇರುವ ಬೊಜ್ಜು ಎಂದು ವಿಂಗಡಿಸಿ, ಮೊದಲನೆಯದಕ್ಕೆ ಕಾಯಿಲೆಗಳ ನಂಟು ಜಾಸ್ತಿ ಎಂದು ಬರೆದರು. 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳ ಸುಮಾರು 30,000 ಜನರನ್ನು ಹೋಲಿಸಿ ನೋಡಿತು. ಹೃದಯಾಘಾತದ ಮುಖ್ಯ ಕಾರಣಗಳ ಪಟ್ಟಿಯಲ್ಲಿ ಹೊಟ್ಟೆಯ ಬೊಜ್ಜು ಅಲ್ಲೂ ಇತ್ತು, ರಕ್ತದ ಕೊಬ್ಬಿನ ಏರುಪೇರಂತೂ ಪಟ್ಟಿಯ ತುದಿಯಲ್ಲೇ ಇತ್ತು.

ಯಾಕೆ ಹೀಗೆ? ತೊಡೆಯ ಚರ್ಮದಡಿಯ ಕೊಬ್ಬು ಒಳ್ಳೆಯ ಗೋದಾಮು ಇದ್ದ ಹಾಗೆ. ಊಟದಲ್ಲಿ ಬಂದ ಹೆಚ್ಚುವರಿ ಕೊಬ್ಬನ್ನು ಒಳಗೆ ತಗೊಂಡು ಬಾಗಿಲು ಹಾಕಿ ಇಟ್ಟುಕೊಳ್ಳುತ್ತದೆ. ಅಲ್ಲಿ ಜಾಗ ಸಾಲದೆ ಹೋದಾಗ ಕೊಬ್ಬು ಹೊಟ್ಟೆಯೊಳಗೆ, ಲಿವರ್‌ನಲ್ಲಿ, ಮಾಂಸಖಂಡಗಳಲ್ಲಿ ಸೇರತೊಡಗುತ್ತದೆ. ಈ ಒಳಗಿನ ಕೊಬ್ಬು ಸುಮ್ನೆ ಕೂರುವುದಿಲ್ಲ. ಅದು ಸುಲಭವಾಗಿ ಒಡೆದು ಕೊಬ್ಬಿನಾಮ್ಲಗಳನ್ನು ಬಿಡುತ್ತದೆ, ಕರುಳಿನ ಸುತ್ತಲಿನ ರಕ್ತ ನೇರವಾಗಿ ಲಿವರ್‌ಗೇ ಹೋಗುವುದರಿಂದ ಆ ಕೊಬ್ಬಿನಾಮ್ಲಗಳೂ ಅಲ್ಲಿಗೇ ಹೋಗುತ್ತವೆ. ಇನ್ಸುಲಿನ್‌ಗೆ ಮೈ ಸರಿಯಾಗಿ ಸ್ಪಂದಿಸದೆ ಹೋದಾಗ ಉಳಿದ ಕಡೆಯ ಕೊಬ್ಬೂ ಇದೇ ರೀತಿ ರಕ್ತಕ್ಕೆ ಸುರಿಯತೊಡಗುತ್ತದೆ.

ಲಿವರ್ ಏನು ಮಾಡಬೇಕು? ಬಂದ ಕೊಬ್ಬನ್ನು ಟ್ರೈಗ್ಲಿಸರೈಡ್ ಮಾಡಿ, ವಿಎಲ್‌ಡಿಎಲ್ ಅನ್ನುವ ಕಣಗಳಲ್ಲಿ ತುಂಬಿ ಮತ್ತೆ ರಕ್ತಕ್ಕೆ ಕಳಿಸುತ್ತದೆ. ಇಲ್ಲಿಗೆ ನಿಮ್ಮ ಟ್ರೈಗ್ಲಿಸರೈಡ್ ಏರಿತು. ಈ ಕಣಗಳು ರಕ್ತದಲ್ಲಿ ಓಡಾಡುವಾಗ ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವುದು ಇದಕ್ಕೇ) ಕಣಗಳ ಜೊತೆ ಕೊಡುಕೊಳ್ಳುವಿಕೆ ನಡೆಯುತ್ತದೆ: ಇವು ಟ್ರೈಗ್ಲಿಸರೈಡ್ ಕೊಟ್ಟು ಕೊಲೆಸ್ಟ್ರಾಲ್ ತಗೊಳ್ಳುತ್ತವೆ. ಟ್ರೈಗ್ಲಿಸರೈಡ್ ತುಂಬಿದ ಎಚ್‌ಡಿಎಲ್ ಬೇಗ ಒಡೆದು ಮೈಯಿಂದ ಹೊರಬೀಳುತ್ತದೆ. ಹಾಗಾಗಿ ಎಚ್‌ಡಿಎಲ್ ಇಳಿಯುತ್ತದೆ. ಎಲ್‌ಡಿಎಲ್ ಜೊತೆಗೂ ಇದೇ ನಡೆದು ಆ ಕಣಗಳು ಸಣ್ಣದಾಗಿ, ದಟ್ಟವಾಗಿ, ಸಂಖ್ಯೆಯಲ್ಲಿ ಜಾಸ್ತಿಯಾಗುತ್ತವೆ. ರಿಪೋರ್ಟಿನಲ್ಲಿ ಎಲ್‌ಡಿಎಲ್ ಸಂಖ್ಯೆ ಸಾಧಾರಣವಾಗೇ ಕಾಣಬಹುದು, ಆದರೆ ರಕ್ತನಾಳದ ಗೋಡೆಗೆ ತಾಗುವ ಕಣಗಳು ಹೆಚ್ಚಿರುತ್ತವೆ.

ಇದಕ್ಕೆ ಎರಡು ಸಾಕ್ಷ್ಯ ಹೇಳುತ್ತೇನೆ, ಎರಡೂ ಕಣ್ಣು ತೆರೆಸುವಂಥವು. ಲಿಪೋಡಿಸ್ಟ್ರೋಫಿ ಎಂಬ ಅಪರೂಪದ ಕಾಯಿಲೆ ಇದೆ. ಅದರ ತೀವ್ರ ರೂಪದಲ್ಲಿ ಚರ್ಮದಡಿಯ ಕೊಬ್ಬು ಹೆಚ್ಚುಕಡಿಮೆ ಇರುವುದೇ ಇಲ್ಲ. ನೋಡಲು ಕಡ್ಡಿಯಂತೆ ಇರುತ್ತಾರೆ. ಆದರೆ ಅವರ ಟ್ರೈಗ್ಲಿಸರೈಡ್ ವಿಪರೀತ, ಲಿವರ್ ತುಂಬ ಕೊಬ್ಬು, ಜೊತೆಗೆ ಡಯಾಬಿಟಿಸ್. ಇಡುವ ಜಾಗ ಇಲ್ಲದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕೇ? ಎರಡನೆಯದು 2004ರ ಅಮೆರಿಕದ ಒಂದು ಅಧ್ಯಯನ. ಬೊಜ್ಜಿದ್ದ 15 ಮಹಿಳೆಯರ ಹೊಟ್ಟೆಯ ಚರ್ಮದಡಿಯಿಂದ ಲೈಪೋಸಕ್ಷನ್ ಮಾಡಿ ಸುಮಾರು 10 ಕಿಲೋ ಕೊಬ್ಬು ತೆಗೆದರು. ಎರಡು ಮೂರು ತಿಂಗಳ ಬಳಿಕ ನೋಡಿದರೆ ಇನ್ಸುಲಿನ್ ಸ್ಪಂದನೆಯಲ್ಲಾಗಲಿ ರಕ್ತದ ಕೊಬ್ಬಿನಲ್ಲಾಗಲಿ ಹೇಳಿಕೊಳ್ಳುವಂಥ ಸುಧಾರಣೆ ಇರಲಿಲ್ಲ. ಒಳಗಿನದ್ದು ಒಳಗೇ ಇತ್ತಲ್ಲ!

ಹೆಜ್ಜೆ 3: ರಕ್ತಪರೀಕ್ಷೆಗೆ ಸರಿಯಾದ ದಿನ ಹೋಗಿ

ಒಂದು ಸಲದ ಸಂಖ್ಯೆಯನ್ನು ನೋಡಿ ಹೆದರಬೇಡಿ. ಟ್ರೈಗ್ಲಿಸರೈಡ್ ದಿನದಿಂದ ದಿನಕ್ಕೆ ಶೇಕಡಾ 20ಕ್ಕೂ ಮಿಕ್ಕಿ ಹಿಂದೆಮುಂದೆ ಆಗುವುದು ಮಾಮೂಲಿ. ಹಿಂದಿನ ದಿನ ಮದ್ಯ ಕುಡಿದಿದ್ದರೆ, ಭರ್ಜರಿ ಊಟ ಆಗಿದ್ದರೆ ಅದು ಕಾಣುತ್ತದೆ. ಜ್ವರ, ಆಪರೇಷನ್, ದೊಡ್ಡ ಕಾಯಿಲೆ ಆಗಿ ಕೆಲವು ವಾರಗಳವರೆಗೆ ಕೊಲೆಸ್ಟ್ರಾಲ್ ಸುಳ್ಳು ಕಡಿಮೆ ತೋರಿಸುತ್ತದೆ. ಗರ್ಭಿಣಿಯರಲ್ಲಿ ಸಹಜವಾಗೇ ಏರುತ್ತದೆ. ಖಾಲಿ ಹೊಟ್ಟೆ ಕಡ್ಡಾಯ ಅಲ್ಲ ಅಂತ ಯುರೋಪಿನ ತಜ್ಞರು 2016ರಲ್ಲೇ ಹೇಳಿದ್ದಾರೆ, ನಿಜ. ಆದರೆ ನಿಮ್ಮ ಪ್ರಶ್ನೆ ಟ್ರೈಗ್ಲಿಸರೈಡ್ ಬಗ್ಗೆ ಇದ್ದರೆ 9ರಿಂದ 12 ಗಂಟೆ ಬರೀ ನೀರು ಕುಡಿದು ಹೋಗುವುದೇ ಮೇಲು, ಪ್ರತಿ ಸಲವೂ ಹಾಗೇ ಹೋದರೆ ಹೋಲಿಕೆ ಸರಿಯಾಗಿರುತ್ತದೆ.

ಜೊತೆಗೆ ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆಯನ್ನೂ ವೈದ್ಯರ ಹತ್ತಿರ ಕೇಳಿ. ಥೈರಾಯ್ಡ್ ನಿಧಾನವಾದರೆ ಎಲ್‌ಡಿಎಲ್ ಏರುತ್ತದೆ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಟ್ರೈಗ್ಲಿಸರೈಡ್ ಏರಿಸುತ್ತದೆ. ಸ್ಟೀರಾಯ್ಡ್ ಮಾತ್ರೆ, ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್, ಬಿಪಿಯ ಕೆಲವು ಮಾತ್ರೆಗಳೂ ಏರಿಸಬಹುದು. ಮೂಲ ಅಲ್ಲಿದ್ದರೆ ಊಟ ಬದಲಿಸಿ ಎಷ್ಟು ಒದ್ದಾಡಿದರೂ ಪೂರ್ತಿ ಸರಿಹೋಗುವುದಿಲ್ಲ.

ಹೆಜ್ಜೆ 4: ರಿಪೋರ್ಟ್ ಓದಿ, ನೀವು ಯಾವ ಗುಂಪು ಅಂತ ನೋಡಿ

ಸಾಮಾನ್ಯವಾಗಿ ಬಳಸುವ ಮಿತಿಗಳು ಇವು, ಎಲ್ಲವೂ ಒಂದು ಡೆಸಿಲೀಟರ್ ರಕ್ತಕ್ಕೆ ಮಿಲಿಗ್ರಾಂ ಲೆಕ್ಕದಲ್ಲಿ. ಒಟ್ಟು ಕೊಲೆಸ್ಟ್ರಾಲ್ 200 ಒಳಗೆ. ಎಲ್‌ಡಿಎಲ್ 100 ಒಳಗಿದ್ದರೆ ಚೆನ್ನ. ಟ್ರೈಗ್ಲಿಸರೈಡ್ 150 ಒಳಗೆ. ಎಚ್‌ಡಿಎಲ್ ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಕಡಿಮೆ ಇರಬಾರದು. ಹೃದಯದ ಕಾಯಿಲೆ ಅಥವಾ ಡಯಾಬಿಟಿಸ್ ಇರುವವರಿಗೆ ಎಲ್‌ಡಿಎಲ್ ಗುರಿ ಇನ್ನೂ ಕೆಳಗೆ ಇರುತ್ತದೆ, ಅದನ್ನು ವೈದ್ಯರು ಹೇಳುತ್ತಾರೆ.

ರಿಪೋರ್ಟಿನಲ್ಲಿ ಎದ್ದು ಕಾಣದ ಒಂದು ಸಂಖ್ಯೆಯನ್ನು ನೀವೇ ಲೆಕ್ಕ ಹಾಕಬಹುದು. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಿರಿ. ಇದಕ್ಕೆ ನಾನ್-ಎಚ್‌ಡಿಎಲ್ ಅನ್ನುತ್ತಾರೆ. ರಕ್ತನಾಳಕ್ಕೆ ತೊಂದರೆ ಕೊಡುವ ಎಲ್ಲ ಕಣಗಳ ಕೊಲೆಸ್ಟ್ರಾಲೂ ಇದರಲ್ಲಿ ಸೇರಿರುತ್ತದೆ. 130 ಒಳಗಿದ್ದರೆ ಒಳ್ಳೆಯದು. ಹೊಟ್ಟೆ ಬಂದಿರುವವರಿಗೆ ಎಲ್‌ಡಿಎಲ್‌ಗಿಂತ ಇದನ್ನು ನೋಡುವುದೇ ಸರಿ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಯಾಕೆ ಅಂದರೆ ಹೆಚ್ಚಿನ ಲ್ಯಾಬ್‌ಗಳಲ್ಲಿ ಎಲ್‌ಡಿಎಲ್ಲನ್ನು ನೇರವಾಗಿ ಅಳೆಯುವುದಿಲ್ಲ. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಕೊಟ್ಟ ಸೂತ್ರದಿಂದ ಲೆಕ್ಕ ಹಾಕುತ್ತಾರೆ: ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯುವುದು. ಟ್ರೈಗ್ಲಿಸರೈಡ್ ಏರಿದಷ್ಟೂ ಈ ಲೆಕ್ಕ ತಪ್ಪುತ್ತಾ ಹೋಗುತ್ತದೆ, 400 ದಾಟಿದರೆ ಬಳಸಲೇಬಾರದು.

ಇಬ್ಬರನ್ನು ಕಲ್ಪಿಸಿಕೊಳ್ಳಿ.

ಮೊದಲನೆಯವರ ಒಟ್ಟು ಕೊಲೆಸ್ಟ್ರಾಲ್ 210, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 240. ಸೂತ್ರದ ಪ್ರಕಾರ ಎಲ್‌ಡಿಎಲ್ 124. ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ? ನಾನ್-ಎಚ್‌ಡಿಎಲ್ ನೋಡಿ, 172. ಸೊಂಟ ಅಳೆದರೆ ಎತ್ತರದ ಅರ್ಧ ದಾಟಿರುವ ಸಾಧ್ಯತೆ ಬಹಳ. ಇದು ಹೊಟ್ಟೆಯ ಕೊಬ್ಬು ಬರೆದ ರಿಪೋರ್ಟ್.

ಎರಡನೆಯವರ ಒಟ್ಟು ಕೊಲೆಸ್ಟ್ರಾಲ್ 250, ಎಚ್‌ಡಿಎಲ್ 60, ಟ್ರೈಗ್ಲಿಸರೈಡ್ 90. ಎಲ್‌ಡಿಎಲ್ 172. ಇವರು ತೆಳ್ಳಗಿರಬಹುದು, ದಿನಾ ಓಡುವವರೂ ಆಗಿರಬಹುದು. ಇಲ್ಲಿ ಕಾರಣ ಇರುವುದು ವಂಶದಲ್ಲಿ ಮತ್ತು ತಿನ್ನುವ ಕೊಬ್ಬಿನ ಬಗೆಯಲ್ಲಿ.

ಮೊದಲನೆಯವರಿಗೆ ಕೊಡುವ ಸಲಹೆ ಎರಡನೆಯವರಿಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಇಬ್ಬರ ಲಕ್ಷಣವೂ ಒಟ್ಟಿಗೆ ಇರುವವರೂ ಇದ್ದಾರೆ, ಅವರು ಮುಂದಿನ ಎರಡೂ ಹೆಜ್ಜೆ ಓದಬೇಕು.

ಹೆಜ್ಜೆ 5: ಸೊಂಟ ದೊಡ್ಡದು, ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಡಿಮೆ ಇದ್ದರೆ

ಒಳ್ಳೆಯ ಸುದ್ದಿ ಏನೆಂದರೆ, ಅಭ್ಯಾಸ ಬದಲಿಸಿದರೆ ಬೇಗ ಉತ್ತರ ಕೊಡುವ ಗುಂಪು ಇದೇ. ತೂಕ ಇಳಿಸಿದಾಗ ಒಳಗಿನ ಕೊಬ್ಬು ಹೊರಗಿನದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಕರಗುತ್ತದೆ. ಇರುವ ತೂಕದಲ್ಲಿ ಶೇಕಡಾ 5ರಿಂದ 10 ಇಳಿದರೆ ಟ್ರೈಗ್ಲಿಸರೈಡ್ ಸುಮಾರು ಶೇಕಡಾ 20 ಇಳಿಯುವ ನಿರೀಕ್ಷೆ ಇಟ್ಟುಕೊಳ್ಳಬಹುದು. 80 ಕಿಲೋ ಇರುವವರಿಗೆ ಅದು 4ರಿಂದ 8 ಕಿಲೋ. ಹದಿನೆಂಟರ ಪ್ರಾಯದ ಮೈಕಟ್ಟು ಮರಳಿ ಬರಬೇಕಾಗಿಲ್ಲ.

ಮೊದಲು ಕೈ ಹಾಕಬೇಕಾದದ್ದು ಸಕ್ಕರೆಗೆ, ಅದರಲ್ಲೂ ಕುಡಿಯುವ ಸಕ್ಕರೆಗೆ. ಸಕ್ಕರೆಯಲ್ಲಿ ಅರ್ಧದಷ್ಟು ಫ್ರಕ್ಟೋಸ್ ಎಂಬ ಅಂಶ, ಅದರ ಬಹುಭಾಗವನ್ನು ಸಂಭಾಳಿಸುವುದು ಕರುಳು ಮತ್ತು ಲಿವರ್. ಮಿತಿ ಮೀರಿದಾಗ ಲಿವರ್ ಅದನ್ನೇ ಕೊಬ್ಬಾಗಿ ಪರಿವರ್ತಿಸುತ್ತದೆ. ಕೊಬ್ಬಿನ ಒಂದು ಹನಿಯೂ ಇಲ್ಲದ ತಂಪು ಪಾನೀಯ ರಕ್ತದ ಕೊಬ್ಬನ್ನು ಏರಿಸುವುದು ಹೀಗೆ. 330 ಮಿ.ಲೀ.ನ ಒಂದು ಕೋಲಾ ಕ್ಯಾನಿನಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನದ ಶಕ್ತಿಯ ಶೇಕಡಾ 10, ಸಾಧ್ಯವಾದರೆ 5. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ 10 ಅಂದರೆ 50 ಗ್ರಾಂ. ಹಣ್ಣಿನ ರಸವೂ ಇದೇ ಲೆಕ್ಕಕ್ಕೆ ಸೇರುತ್ತದೆ, ಇಡೀ ಹಣ್ಣು ಸೇರುವುದಿಲ್ಲ. ಹಾಗಾಗಿ ರಸ ಬಿಡಿ, ಹಣ್ಣು ತಿನ್ನಿ. ಸಕ್ಕರೆಯ ನಂತರ ಬರುವುದು ಮೈದಾ, ಪಾಲಿಶ್ ಮಾಡಿದ ಧಾನ್ಯ. ಪೂರ್ತಿ ಬಿಡಬೇಕೆಂದಿಲ್ಲ, ತಟ್ಟೆಯಲ್ಲಿ ಅವುಗಳ ಪಾಲು ಕಡಿಮೆ ಮಾಡಿ ಕಾಳು, ತರಕಾರಿ, ಪ್ರೋಟೀನಿನ ಪಾಲು ಜಾಸ್ತಿ ಮಾಡಿ.

ಆಮೇಲೆ ಮದ್ಯ. ಇದರ ಬಗ್ಗೆ ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥ ಇಲ್ಲ. ಮದ್ಯ ಒಳಗೆ ಹೋದಾಗ ಲಿವರ್ ಕೊಬ್ಬನ್ನು ಉರಿಸುವುದನ್ನು ನಿಲ್ಲಿಸಿ ಮೊದಲು ಮದ್ಯವನ್ನೇ ಕರಗಿಸಲು ಕೂರುತ್ತದೆ. ಉರಿಯದ ಕೊಬ್ಬು ಟ್ರೈಗ್ಲಿಸರೈಡ್ ಆಗಿ ಹೊರಬರುತ್ತದೆ. ಟ್ರೈಗ್ಲಿಸರೈಡ್ ಹೆಚ್ಚಿರುವವರು ಕೆಲವು ವಾರ ಪೂರ್ತಿ ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡಿಸಿ, ಉತ್ತರ ನಿಮಗೇ ಸಿಗುತ್ತದೆ. ತುಂಬಾ ವರ್ಷದಿಂದ ದಿನಾ ಜಾಸ್ತಿ ಕುಡಿಯುವವರು ಮಾತ್ರ ದಿಢೀರ್ ಅಂತ ನಿಲ್ಲಿಸದೆ ವೈದ್ಯರ ನೆರವು ತಗೊಂಡೇ ಬಿಡಬೇಕು. ಟ್ರೈಗ್ಲಿಸರೈಡ್ 500 ದಾಟಿದ್ದರೆ ಮದ್ಯದ ಮಾತೇ ಬೇಡ, ಅಲ್ಲಿಂದ ಮೇಲೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಶುರುವಾಗುತ್ತದೆ. ಅದು ಜೀವಕ್ಕೇ ಕುತ್ತು ತರಬಲ್ಲದು. ಆ ಸಂಖ್ಯೆ ಬಂದವರು ಈ ಲೇಖನವನ್ನು ಪಕ್ಕಕ್ಕಿಟ್ಟು ವೈದ್ಯರನ್ನು ನೋಡಿ.

ಇನ್ನು ಓಡಾಟ. ಲಂಡನ್ನಿನಲ್ಲಿ ಜೆರಿ ಮಾರಿಸ್ ಎಂಬ ವೈದ್ಯರು ಡಬಲ್ ಡೆಕ್ಕರ್ ಬಸ್ಸುಗಳ ಚಾಲಕರನ್ನೂ ಕಂಡಕ್ಟರ್‌ಗಳನ್ನೂ ಹೋಲಿಸಿ 1953ರಲ್ಲಿ ವರದಿ ಪ್ರಕಟಿಸಿದರು. ದಿನವಿಡೀ ಕೂರುವ ಚಾಲಕರಿಗೆ, ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರ್‌ಗಳಿಗಿಂತ ಹೃದಯದ ಕಾಯಿಲೆ ಜಾಸ್ತಿ ಇತ್ತು. 1956ರಲ್ಲಿ ಅದೇ ತಂಡ ಅವರಿಗೆ ಕೊಟ್ಟ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿತು. ಚಾಲಕರ ಪ್ಯಾಂಟಿನ ಸೊಂಟದ ಅಳತೆ ದೊಡ್ಡದಿತ್ತು. ಒಂದು ಎಚ್ಚರಿಕೆಯ ಮಾತು ಇಲ್ಲೇ ಹೇಳಬೇಕು: ದಪ್ಪ ಸೊಂಟದವರು ಕೆಲಸಕ್ಕೆ ಸೇರುವಾಗಲೇ ಚಾಲಕರಾಗಿ ಸೇರಿರಬಹುದು ಅನ್ನುವ ಸಾಧ್ಯತೆಯನ್ನೂ ಆ ಸಂಶೋಧಕರು ಗಮನಿಸಿದ್ದರು. ಆದರೂ ಕೂತೇ ಮಾಡುವ ಕೆಲಸ ಮತ್ತು ಸೊಂಟದ ನಂಟು ಆಮೇಲಿನ ದಶಕಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಮಾಂಸಖಂಡಗಳ ರಕ್ತನಾಳಗಳಲ್ಲಿ ಲಿಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವ ಇದೆ. ರಕ್ತದಲ್ಲಿ ಓಡಾಡುವ ಟ್ರೈಗ್ಲಿಸರೈಡನ್ನು ಒಡೆದು ಮಾಂಸಖಂಡಕ್ಕೆ ಒದಗಿಸುವುದು ಅದರ ಕೆಲಸ. ಮೈ ದುಡಿದರೆ ಅದು ಚುರುಕಾಗುತ್ತದೆ, ಗಂಟೆಗಟ್ಟಲೆ ಕೂತರೆ ಮಂಕಾಗುತ್ತದೆ. ಒಂದು ದಿನ ಚೆನ್ನಾಗಿ ವ್ಯಾಯಾಮ ಮಾಡಿದರೆ ಮರುದಿನ ಊಟದ ನಂತರ ಟ್ರೈಗ್ಲಿಸರೈಡ್ ಏರುವುದು ಕಡಿಮೆ. ಆದರೆ ಈ ಲಾಭ ಎರಡು ಮೂರು ದಿನಕ್ಕೆ ಕರಗಿಹೋಗುತ್ತದೆ. ಹಾಗಾಗಿ ವಾರಕ್ಕೊಮ್ಮೆ ಮೂರು ಗಂಟೆ ಬೆವರು ಸುರಿಸುವುದಕ್ಕಿಂತ ಹೆಚ್ಚಿನ ದಿನಗಳಲ್ಲಿ ಅರ್ಧ ಗಂಟೆ ಮಾಡುವುದು ಈ ಕೆಲಸಕ್ಕೆ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ, ಜೊತೆಗೆ ಎರಡು ದಿನವಾದರೂ ಭಾರ ಎತ್ತುವಂಥ ವ್ಯಾಯಾಮ. ಮಧ್ಯಮ ಬಿರುಸು ಅಂದರೆ ಮಾತಾಡಬಹುದು, ಹಾಡಲು ಆಗುವುದಿಲ್ಲ, ಅಷ್ಟು ವೇಗ. ಫೋನ್ ನೋಡುತ್ತಾ ನಿಧಾನ ನಡೆದರೆ ಆ ಲೆಕ್ಕಕ್ಕೆ ಸಾಲದು. ಎಷ್ಟೋ ಜನರ ವಾಕಿಂಗ್ ಫಲ ಕೊಡದಿರುವುದು ಇದೇ ಕಾರಣಕ್ಕೆ ಅಂತ ನನಗನ್ನಿಸುತ್ತದೆ.

ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬು ಕರಗುತ್ತದೆ ಅನ್ನುವುದನ್ನು ಮನಸ್ಸಿನಿಂದ ತೆಗೆದುಹಾಕಿ. ಅದರಿಂದ ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ, ಮೇಲಿನ ಕೊಬ್ಬು ಹಾಗೇ ಇರುತ್ತದೆ. ಕೊಬ್ಬು ಎಲ್ಲಿಂದ ಕರಗಬೇಕು ಅನ್ನುವುದನ್ನು ಮೈ ತೀರ್ಮಾನಿಸುತ್ತದೆ. ಬೆಲ್ಟು, ಎಣ್ಣೆ, ಬೆವರು ಸೂಟುಗಳಿಗೆ ಹಣ ಹಾಕಬೇಡಿ. ಇನ್ನೊಂದು ವಿಷಯ, ತೂಕ ಇಳಿಯದಿದ್ದರೂ ನಿಯಮಿತ ವ್ಯಾಯಾಮದಿಂದ ಒಳಗಿನ ಕೊಬ್ಬು ಕಡಿಮೆಯಾಗುತ್ತದೆ. ಅದಕ್ಕೇ ತೂಕದ ಯಂತ್ರ ಪಕ್ಕಕ್ಕಿಡಿ ಅಂದದ್ದು. ಟೇಪಿನಲ್ಲಿ 3 ಸೆಂ.ಮೀ. ಇಳಿದು ತೂಕ ಹಾಗೇ ಇದ್ದರೆ ನೀವು ಗೆದ್ದಿದ್ದೀರಿ.

ಎಚ್‌ಡಿಎಲ್ ಕಡಿಮೆ ಅಂತ ಅದನ್ನೊಂದನ್ನೇ ಹಿಡಿದು ಏರಿಸಲು ಹೋಗಬೇಡಿ. ಟಾರ್ಸೆಟ್ರಾಪಿಬ್ ಎಂಬ ಔಷಧ ಎಚ್‌ಡಿಎಲ್ಲನ್ನು ಜೋರಾಗಿ ಏರಿಸುತ್ತಿತ್ತು. ಅದರ ದೊಡ್ಡ ಪ್ರಯೋಗವನ್ನು 2006ರ ಡಿಸೆಂಬರ್‌ನಲ್ಲಿ ನಿಲ್ಲಿಸಬೇಕಾಯಿತು, ಔಷಧ ತಗೊಂಡವರಲ್ಲೇ ಸಾವು ಜಾಸ್ತಿ ಇತ್ತು. ಹೊಟ್ಟೆ ಕರಗಿ ಟ್ರೈಗ್ಲಿಸರೈಡ್ ಇಳಿದರೆ ಎಚ್‌ಡಿಎಲ್ ಬಹಳ ಸಲ ತಾನಾಗಿ ಸ್ವಲ್ಪ ಮೇಲೆ ಬರುತ್ತದೆ. ನಿಮಗೆ ಬೇಕಾದದ್ದು ಆ ರೀತಿಯ ಏರಿಕೆ.

ಹೆಜ್ಜೆ 6: ಎಲ್‌ಡಿಎಲ್ ಜಾಸ್ತಿ ಇದ್ದರೆ

ರಕ್ತದಿಂದ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆ ತಗೊಳ್ಳುವ ಗ್ರಾಹಕಗಳು ಲಿವರ್‌ನ ಮೇಲ್ಮೈಯಲ್ಲಿ ಇವೆ. ಇವನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಸ್ಯಾಚುರೇಟೆಡ್ ಕೊಬ್ಬು (ಬೆಣ್ಣೆ, ತೆಂಗಿನೆಣ್ಣೆಯಂಥವುಗಳಲ್ಲಿ ಹೆಚ್ಚಿರುವ ಬಗೆ) ಜಾಸ್ತಿ ತಿಂದರೆ ಈ ಗ್ರಾಹಕಗಳ ಕೆಲಸ ಕುಗ್ಗುತ್ತದೆ, ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಹಾಗಾಗಿ ಎಣ್ಣೆಯನ್ನು ಬರೀ ಕಡಿಮೆ ಮಾಡುವುದಕ್ಕಿಂತ ಬಗೆಯನ್ನು ಬದಲಿಸುವುದು ಮುಖ್ಯ. ಬೆಣ್ಣೆ, ಕೆನೆ, ಕೊಬ್ಬಿರುವ ಮಾಂಸ, ತಾಳೆ ಎಣ್ಣೆ, ತೆಂಗಿನೆಣ್ಣೆ ಇವುಗಳ ಜಾಗದಲ್ಲಿ ಸೂರ್ಯಕಾಂತಿ, ಸೋಯಾ, ಸಾಸಿವೆ, ಆಲಿವ್ ಎಣ್ಣೆ, ಬೀಜಗಳು, ಮೀನು ಬರಲಿ. ತೆಂಗಿನೆಣ್ಣೆ ಸಸ್ಯದ್ದು ತಾನೇ ಅನ್ನುವವರಿಗೆ: ಅದರಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು ಇದೆ, ಬೆಣ್ಣೆಗಿಂತಲೂ ಜಾಸ್ತಿ. ಇಲ್ಲಿ ಒಂದು ತಪ್ಪು ತುಂಬ ಜನ ಮಾಡುತ್ತಾರೆ, ಬೆಣ್ಣೆ ಬಿಟ್ಟು ಆ ಜಾಗಕ್ಕೆ ಬಿಸ್ಕತ್ತು ತುಂಬುತ್ತಾರೆ. ಆಗ ಎಲ್‌ಡಿಎಲ್ ಸ್ವಲ್ಪ ಇಳಿದರೂ ಟ್ರೈಗ್ಲಿಸರೈಡ್ ಏರುತ್ತದೆ.

ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸುವುದರ ಜೊತೆಗೆ ಎಚ್‌ಡಿಎಲ್ ಇಳಿಸುತ್ತದೆ. ಪ್ಯಾಕೆಟ್ ಮೇಲೆ "ಭಾಗಶಃ ಹೈಡ್ರೋಜನೀಕರಿಸಿದ ಎಣ್ಣೆ" ಅಂತ ಇದ್ದರೆ ಅದರಲ್ಲಿ ಈ ಕೊಬ್ಬು ಇರುತ್ತದೆ, ವಾಪಸ್ ಇಡಿ.

ಕರಗುವ ನಾರು ಇನ್ನೊಂದು ಒಳ್ಳೆಯ ದಾರಿ. ಓಟ್ಸ್, ಬಾರ್ಲಿ, ಕಾಳುಗಳು, ಸೇಬು, ಇಸಬ್‌ಗೋಲ್ ಇವುಗಳಲ್ಲಿದೆ. ಇದು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಹಾಕುತ್ತದೆ. ಹೊಸ ಪಿತ್ತ ಮಾಡಲು ಲಿವರ್‌ಗೆ ಕೊಲೆಸ್ಟ್ರಾಲ್ ಬೇಕು, ಅದನ್ನು ರಕ್ತದಿಂದಲೇ ಎಳೆದುಕೊಳ್ಳುತ್ತದೆ. ದಿನಕ್ಕೆ 5ರಿಂದ 10 ಗ್ರಾಂ ಸಿಕ್ಕರೆ ಎಲ್‌ಡಿಎಲ್ ಸುಮಾರು ಶೇಕಡಾ 5 ಇಳಿಯುತ್ತದೆ. ಸಣ್ಣದು ಅನ್ನಿಸಬಹುದು, ಎಣ್ಣೆಯ ಬದಲಾವಣೆಯ ಜೊತೆ ಸೇರಿದರೆ ಒಳ್ಳೆಯ ಮೊತ್ತವೇ. ನಾರನ್ನು ನಿಧಾನವಾಗಿ ಏರಿಸಿ, ನೀರು ಜಾಸ್ತಿ ಕುಡಿಯಿರಿ, ಇಲ್ಲದಿದ್ದರೆ ಹೊಟ್ಟೆ ಉಬ್ಬರ ಕಾಡುತ್ತದೆ.

ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಕಾಫಿಯದ್ದು. ಕಾಫಿ ಬೀಜದ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಲ್‌ಡಿಎಲ್ ಏರಿಸುತ್ತದೆ. ಕಾಗದದ ಫಿಲ್ಟರಿನಲ್ಲಿ ಸೋಸಿದರೆ ಅದು ಕಾಗದದಲ್ಲೇ ಉಳಿಯುತ್ತದೆ. ಪುಡಿ ಹಾಕಿ ಕುದಿಸಿದ ಕಾಫಿಯಲ್ಲಿ ಅದು ಲೋಟಕ್ಕೇ ಬಂದು ಸೇರುತ್ತದೆ. ದಿನಕ್ಕೆ ನಾಲ್ಕೈದು ಲೋಟ ಹಾಗೆ ಕುಡಿಯುವವರು ಎಲ್‌ಡಿಎಲ್ ಇಳಿಯುತ್ತಿಲ್ಲ ಅಂತ ಒದ್ದಾಡುತ್ತಿದ್ದರೆ ಇದನ್ನೊಮ್ಮೆ ಬದಲಿಸಿ ನೋಡಿ.

ಮೊಟ್ಟೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ತಿನ್ನುವ ಕೊಲೆಸ್ಟ್ರಾಲಿಗಿಂತ ಸ್ಯಾಚುರೇಟೆಡ್ ಕೊಬ್ಬಿನ ಪ್ರಭಾವವೇ ದೊಡ್ಡದು. ಹಿಟ್ಟು ಧಾನ್ಯ ಪೂರ್ತಿ ಬಿಟ್ಟು ಮಾಂಸ, ಬೆಣ್ಣೆ ಮೇಲೆ ಬದುಕುವ ಪಥ್ಯ ಹಿಡಿದವರು ಮಾತ್ರ ಎಚ್ಚರದಿಂದಿರಿ. ಟ್ರೈಗ್ಲಿಸರೈಡ್ ಚೆನ್ನಾಗಿ ಇಳಿಯುತ್ತದೆ, ಸೊಂಟವೂ ಇಳಿಯುತ್ತದೆ, ಆದರೆ ಕೆಲವರಲ್ಲಿ, ಅದರಲ್ಲೂ ತೆಳ್ಳಗಿರುವವರಲ್ಲಿ ಎಲ್‌ಡಿಎಲ್ ವಿಪರೀತ ಏರುತ್ತದೆ. ಪಥ್ಯ ಶುರು ಮಾಡಿ ಎರಡು ಮೂರು ತಿಂಗಳಿಗೆ ಪರೀಕ್ಷೆ ಮಾಡಿಸಲೇಬೇಕು.

ಹೆಜ್ಜೆ 7: ಸಿಗರೇಟು, ನಿದ್ದೆ, ವಯಸ್ಸು

ಸಿಗರೇಟು ಎಚ್‌ಡಿಎಲ್ ಇಳಿಸುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರಿಸುತ್ತದೆ. ಬಿಟ್ಟ ಕೆಲವೇ ವಾರಗಳಲ್ಲಿ ಎಚ್‌ಡಿಎಲ್ ಏರತೊಡಗುತ್ತದೆ. ಬಿಟ್ಟ ಮೇಲೆ ತೂಕ ಒಂದಷ್ಟು ಏರಿದರೆ ಅದಕ್ಕೆ ಹೆದರಿ ಮತ್ತೆ ಹಚ್ಚಬೇಡಿ, ಬಿಟ್ಟದ್ದರ ಲಾಭ ಆ ತೂಕಕ್ಕಿಂತ ಬಹಳ ದೊಡ್ಡದು.

ನಿದ್ದೆಯನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. 2022ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ ಸಂಶೋಧಕರು ಆರೋಗ್ಯವಂತರಾದ 12 ಜನರನ್ನು ಎರಡು ವಾರ ದಿನಕ್ಕೆ 4 ಗಂಟೆ ಮಾತ್ರ ಮಲಗಲು ಬಿಟ್ಟು ನೋಡಿದರು. ಅವರು ತಿನ್ನುವುದು ಜಾಸ್ತಿಯಾಯಿತು, ತೂಕ ಅಷ್ಟೇನೂ ಏರಲಿಲ್ಲ, ಆದರೆ ಹೊಟ್ಟೆಯೊಳಗಿನ ಕೊಬ್ಬು ಸುಮಾರು ಶೇಕಡಾ 11 ಜಾಸ್ತಿಯಾಗಿತ್ತು. ಸಣ್ಣ ಅಧ್ಯಯನ, ಒಪ್ಪುತ್ತೇನೆ. ಆದರೂ ಊಟ, ವ್ಯಾಯಾಮ ಎಲ್ಲ ಸರಿ ಇದ್ದೂ ಸೊಂಟ ಇಳಿಯದವರು ರಾತ್ರಿ ಎಷ್ಟು ಹೊತ್ತು ಮಲಗುತ್ತೇವೆ ಅಂತ ನೋಡಿಕೊಳ್ಳಬೇಕು. ಜೋರಾಗಿ ಗೊರಕೆ, ನಡುವೆ ಉಸಿರು ಕಟ್ಟುವುದು ಇದ್ದರೆ ವೈದ್ಯರಿಗೆ ಹೇಳಿ.

ಮುಟ್ಟು ನಿಲ್ಲುವ ಹೊತ್ತಿಗೆ ಹೆಂಗಸರಲ್ಲಿ ತೊಡೆಯ ಕಡೆ ಸೇರುತ್ತಿದ್ದ ಕೊಬ್ಬು ಹೊಟ್ಟೆಯ ಕಡೆ ತಿರುಗುತ್ತದೆ, ಎಲ್‌ಡಿಎಲ್ ಕೂಡ ಏರುತ್ತದೆ. ಅಭ್ಯಾಸ ಏನೂ ಬದಲಾಗಿಲ್ಲ, ಆದರೂ ಯಾಕೆ ಹೀಗೆ ಅಂತ ಕೊರಗುವ ಹೆಂಗಸರು ಬಹಳ. ಇದು ನಿಮ್ಮ ತಪ್ಪಲ್ಲ, ಹಾರ್ಮೋನಿನ ಬದಲಾವಣೆ. ಈ ವಯಸ್ಸಿನಲ್ಲಿ ಭಾರ ಎತ್ತುವ ವ್ಯಾಯಾಮ ಶುರು ಮಾಡಿದರೆ ಮೂಳೆಗೂ ಒಳ್ಳೆಯದು.

ಹೆಜ್ಜೆ 8: ಮತ್ತೆ ಅಳೆಯಿರಿ, ಆದರೆ ಅವಸರ ಬೇಡ

ಸೊಂಟವನ್ನು ಎರಡು ವಾರಕ್ಕೊಮ್ಮೆ ಅಳೆದರೆ ಸಾಕು. ರಕ್ತಪರೀಕ್ಷೆ 8ರಿಂದ 12 ವಾರಕ್ಕೆ. ತೂಕ ಜೋರಾಗಿ ಇಳಿಯುತ್ತಿರುವಾಗ ಮಾಡಿಸಿದರೆ ಸಂಖ್ಯೆಗಳು ದಾರಿ ತಪ್ಪಿಸಬಹುದು, ತೂಕ ಒಂದು ಕಡೆ ನಿಂತ ಮೇಲೆ ಮಾಡಿಸಿ. ಒಂದೇ ಸಲ ಎಲ್ಲವನ್ನೂ ಬದಲಿಸಬೇಡಿ. ಮೊದಲ ಗುಂಪಿನವರು ಸಕ್ಕರೆ ಪಾನೀಯ ಮತ್ತು ಓಡಾಟ, ಎರಡನೆಯ ಗುಂಪಿನವರು ಎಣ್ಣೆಯ ಬಗೆ ಮತ್ತು ನಾರು, ಇಷ್ಟರಿಂದ ಶುರು ಮಾಡಿ. ಮುಂದಿನ ರಿಪೋರ್ಟ್ ಬಂದಾಗ ಯಾವುದು ಕೆಲಸ ಮಾಡಿತು ಅಂತ ಆಗ ಗೊತ್ತಾಗುತ್ತದೆ.

ಎಲ್ಲ ಸರಿಯಾಗಿ ಮಾಡಿಯೂ ಎಲ್‌ಡಿಎಲ್ 190ಕ್ಕಿಂತ ಮೇಲೇ ಇದ್ದರೆ ವಂಶದಿಂದ ಬರುವ ಕೊಲೆಸ್ಟ್ರಾಲ್ ಕಾಯಿಲೆ ಇರಬಹುದು. ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ. ಇವರಿಗೆ ಗ್ರಾಹಕಗಳಲ್ಲೇ ಹುಟ್ಟಿನಿಂದ ದೋಷ ಇರುವುದರಿಂದ ಪಥ್ಯ ಒಂದರಿಂದಲೇ ಗುರಿ ಮುಟ್ಟುವುದು ಕಷ್ಟ, ಮಾತ್ರೆ ಬೇಕಾಗುತ್ತದೆ. ಮಾತ್ರೆ ಬರೆದುಕೊಟ್ಟರೆ ಸೋತೆ ಅಂದುಕೊಳ್ಳಬೇಡಿ. ಈಗಾಗಲೇ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ತಗೊಳ್ಳುತ್ತಿರುವವರು ಸಂಖ್ಯೆ ಚೆನ್ನಾಗಿದೆ ಅಂತ ತಾವಾಗಿ ನಿಲ್ಲಿಸಲೂಬೇಡಿ, ಚೆನ್ನಾಗಿರುವುದೇ ಅದರಿಂದ ಆಗಿರಬಹುದು. ಇಂಥ ಕಾಯಿಲೆ ಇರುವವರ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ ನಿಮ್ಮ ರಿಪೋರ್ಟಿನಲ್ಲಿ ಈ ಸಂಖ್ಯೆ ಕಂಡರೆ ಒಡಹುಟ್ಟಿದವರಿಗೂ ಮಕ್ಕಳಿಗೂ, ಅವರು ಎಷ್ಟೇ ತೆಳ್ಳಗಿರಲಿ, ಒಂದು ಲಿಪಿಡ್ ಪರೀಕ್ಷೆ ಮಾಡಿಸಿ.